ಚಿಪ್ ನೆಲನಕ್ಷೆ: ಘಟಕಗಳನ್ನೂ ಖಾಲಿ ಜಾಗವನ್ನೂ ಜೋಡಿಸುವ ಕ್ರಮಾವಳಿಗಳು

ಚಿಪ್ ಒಂದರ ದೊಡ್ಡ ಘಟಕಗಳನ್ನೂ ಅವುಗಳ ನಡುವೆ ಉಳಿಯುವ ಖಾಲಿ ಜಾಗವನ್ನೂ ಸಿಲಿಕಾನಿನ ಆಯತದೊಳಗೆ ಎಲ್ಲೆಲ್ಲಿ ಇರಿಸಬೇಕೆಂದು ನಿರ್ಧರಿಸುವ ಗಣಕ ವಿಧಾನಗಳಿಗೆ ನೆಲನಕ್ಷೆ ಕ್ರಮಾವಳಿಗಳೆಂದು ಹೆಸರು. ವಿನ್ಯಾಸಕಾರರ ಬಾಯಲ್ಲಿ ಈ ಹಂತ ಫ್ಲೋರ್‌ಪ್ಲಾನಿಂಗ್. ತರ್ಕ ವಿನ್ಯಾಸ ಮುಗಿದು ಗೇಟುಗಳ ಪಟ್ಟಿ ಸಿದ್ಧವಾದ ಮೇಲೆ, ಲಕ್ಷಗಟ್ಟಲೆ ಸಣ್ಣ ಗೇಟುಗಳನ್ನು ಸಾಲುಗಳಲ್ಲಿ ಕೂರಿಸುವುದಕ್ಕೂ ತಂತಿ ಎಳೆಯುವುದಕ್ಕೂ ಮೊದಲು ಇದು ನಡೆಯುತ್ತದೆ. ಚಿಪ್ಪಿನ ವಿಸ್ತೀರ್ಣ, ವೇಗ, ಬಿಸಿ, ವಿದ್ಯುತ್ ಪೂರೈಕೆ ಎಲ್ಲವೂ ಈ ಹಂತದಲ್ಲೇ ಬಹುಮಟ್ಟಿಗೆ ನಿಶ್ಚಯವಾಗುವುದರಿಂದ, ಇಲ್ಲಿ ಆದ ತಪ್ಪನ್ನು ಮುಂದಿನ ಹಂತಗಳು ತಿದ್ದುವುದು ಕಷ್ಟ. ಆರಂಭದ ಕ್ರಮಾವಳಿಗಳು ಖಾಲಿ ಜಾಗವನ್ನು ಹಿಂಡಿ ತೆಗೆಯಬೇಕಾದ ನಷ್ಟವೆಂದು ಎಣಿಸಿದವು. ಅದನ್ನು ಹಂಚಿಕೊಡಬೇಕಾದ ಆಸ್ತಿಯೆಂದು ನೋಡುವ ಕ್ರಮ ಬಂದದ್ದು 1990ರ ದಶಕದ ಕೊನೆಯ ವೇಳೆಗೆ. ಈ ಕ್ಷೇತ್ರದ ಬೆಳವಣಿಗೆಯನ್ನು ಈ ಪಲ್ಲಟದ ಮೂಲಕವೇ ಚೆನ್ನಾಗಿ ಗುರುತಿಸಬಹುದು.

ಪರಿಭಾಷೆ

ಒಂದೇ ತುಂಡಾಗಿ ಇರಿಸಬೇಕಾದ ಆಯತಾಕಾರದ ಭಾಗ ಘಟಕ. ಉದ್ದ ಅಗಲ ಎರಡೂ ಮೊದಲೇ ನಿಗದಿಯಾಗಿದ್ದರೆ ಅದು ಗಟ್ಟಿ ಘಟಕ. ಮೆಮೊರಿ ಮ್ಯಾಕ್ರೋಗಳು, ಅಂದರೆ ಮೊದಲೇ ಸಿದ್ಧಪಡಿಸಿದ ಮೆಮೊರಿ ತುಂಡುಗಳು, ಇದಕ್ಕೆ ಸಾಮಾನ್ಯ ಉದಾಹರಣೆ. ವಿಸ್ತೀರ್ಣ ಮಾತ್ರ ನಿಗದಿಯಾಗಿದ್ದು, ಉದ್ದ ಅಗಲಗಳ ಅನುಪಾತವನ್ನು ಒಂದು ಮಿತಿಯೊಳಗೆ ಬದಲಿಸಬಹುದಾದದ್ದು ಮೆದು ಘಟಕ. ಅಡ್ಡ ಮತ್ತು ಉದ್ದ ಗೆರೆಗಳಿಂದ ಚಿಪ್ಪಿನ ಆಯತವನ್ನು ವಿಭಾಗಿಸಿದಾಗ ಸಿಗುವ ಪ್ರತಿ ಭಾಗ ಒಂದು ಕೋಣೆ. ಯಾವ ಘಟಕವನ್ನೂ ಹೊರದ ಕೋಣೆ ಖಾಲಿ ಕೋಣೆ. ಕೋಣೆಯಲ್ಲಿ ಘಟಕ ಇದ್ದೂ ಅದು ಕೋಣೆಯನ್ನು ಪೂರ್ತಿ ತುಂಬದಿದ್ದರೆ ಉಳಿಯುವ ಅಂಚೂ ಸೇರಿ, ಘಟಕಗಳು ಆವರಿಸದ ಒಟ್ಟು ವಿಸ್ತೀರ್ಣವೇ ಖಾಲಿ ಜಾಗ. ಖಾಲಿ ಕೋಣೆ ನಕ್ಷೆಯ ರಚನೆಗೆ ಸೇರಿದ ಸಂಗತಿ, ಖಾಲಿ ಜಾಗ ಅಳತೆಗೆ ಸೇರಿದ್ದು, ಇವೆರಡನ್ನೂ ಬೆರೆಸಬಾರದು.

ಒಂದೇ ಸಂಕೇತವನ್ನು ಹಂಚಿಕೊಳ್ಳುವ ಪಿನ್ನುಗಳ ಗುಂಪಿಗೆ ನೆಟ್ ಎನ್ನುತ್ತಾರೆ. ತಂತಿ ಎಳೆಯುವ ಮೊದಲೇ ಅದರ ಉದ್ದವನ್ನು ಅಂದಾಜು ಮಾಡಲು, ಒಂದು ನೆಟ್ಟಿನ ಎಲ್ಲ ಪಿನ್ನುಗಳನ್ನೂ ಒಳಗೊಳ್ಳುವ ಅತಿ ಚಿಕ್ಕ ಆಯತದ ಸುತ್ತಳತೆಯ ಅರ್ಧವನ್ನು ತೆಗೆದುಕೊಳ್ಳುವುದು ರೂಢಿ. ಎರಡು ಅಥವಾ ಮೂರು ಪಿನ್ನುಗಳ ನೆಟ್ಟಿಗೆ ಈ ಅಂದಾಜು ಅತಿ ಕಡಿಮೆ ಸಾಧ್ಯ ಉದ್ದಕ್ಕೆ ಸರಿಯಾಗಿ ಹೊಂದುತ್ತದೆ. ಪಿನ್ನುಗಳು ಹೆಚ್ಚಿದಂತೆ ನಿಜವಾದ ಉದ್ದ ಅಂದಾಜನ್ನು ಮೀರುತ್ತದೆ.

ಉಗಮ

ಆಯತವನ್ನು ಆಯತಗಳಾಗಿ ಒಡೆಯುವ ಗಣಿತ ಚಿಪ್ಪಿಗಿಂತ ಹಳೆಯದು. 1940ರಲ್ಲಿ ಕೇಂಬ್ರಿಜ್‌ನ ಬ್ರೂಕ್ಸ್, ಸ್ಮಿತ್, ಸ್ಟೋನ್ ಮತ್ತು ಟಟ್ ಆಯತವನ್ನು ಅಸಮಾನ ಚೌಕಗಳಾಗಿ ವಿಭಾಗಿಸುವ ಪ್ರಶ್ನೆಯನ್ನು ವಿದ್ಯುತ್ ಜಾಲದ ಪ್ರಶ್ನೆಯಾಗಿ ಮಾರ್ಪಡಿಸಿದರು. ಅಡ್ಡಗೆರೆಗಳನ್ನು ಜಾಲದ ಸಂಧಿಗಳೆಂದೂ ಚೌಕಗಳನ್ನು ಸಂಧಿಗಳ ನಡುವಿನ ತಂತಿಗಳೆಂದೂ ತಿಳಿದರೆ, ಚೌಕದ ಬದಿಯ ಉದ್ದ ಆ ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ಸಮನಾಗುತ್ತದೆ. ನೆಲನಕ್ಷೆಯನ್ನು ಅಡ್ಡ ಮತ್ತು ಉದ್ದ ದಿಕ್ಕಿನ ಎರಡು ಗ್ರಾಫ್‌ಗಳಾಗಿ ಬರೆಯುವ ಇಂದಿನ ಪದ್ಧತಿಯ ಬೇರು ಇಲ್ಲಿದೆ.

ಇನ್ನೊಂದು ಬೇರು ಭೂಗೋಳದಲ್ಲಿದೆ. 1934ರಲ್ಲಿ ಎರ್ವಿನ್ ರೈಸ್ ಪ್ರದೇಶಗಳನ್ನು ಅಂಕಿಅಂಶಕ್ಕೆ ತಕ್ಕ ಅಳತೆಯ ಆಯತಗಳಾಗಿ ಬರೆಯುವ ಭೂಪಟ ವಿಧಾನವನ್ನು ಪ್ರಕಟಿಸಿದರು. ಮಧುಗಿರಿ ತಾಲ್ಲೂಕನ್ನೂ ಅದರೊಡನೆ ಗಡಿ ಹಂಚಿಕೊಂಡಿರುವ ಶಿರಾ, ಕೊರಟಗೆರೆ ತಾಲ್ಲೂಕುಗಳನ್ನೂ ಜನಸಂಖ್ಯೆಗೆ ತಕ್ಕ ಆಯತಗಳಾಗಿ ಬರೆದು, ಗಡಿ ಹಂಚಿಕೊಂಡವು ನಕ್ಷೆಯಲ್ಲೂ ತಾಗಿಕೊಂಡೇ ಇರಬೇಕೆಂದು ಷರತ್ತು ಹಾಕಿದರೆ, ಅದು ಘಟಕಗಳನ್ನು ನೆರೆಹೊರೆಯಲ್ಲಿ ಕೂರಿಸುವ ಪ್ರಶ್ನೆಯೇ ಆಗುತ್ತದೆ. ಎಲ್ಲ ಬಗೆಯ ನೆರೆಹೊರೆಯನ್ನೂ ಹೀಗೆ ಬರೆಯಲಾಗದು. ಒಂದು ಆಯತವನ್ನು ಸುತ್ತುವರಿಯಲು ಕನಿಷ್ಠ ನಾಲ್ಕು ಆಯತಗಳು ಬೇಕು; ಆದ್ದರಿಂದ ಪರಸ್ಪರ ತಾಗುವ ಮೂರು ಘಟಕಗಳ ನಡುವೆ ನಾಲ್ಕನೆಯದು ಸಿಕ್ಕಿಹಾಕಿಕೊಂಡಿರುವ ಗ್ರಾಫ್‌ಗೆ ಆಯತ ನಕ್ಷೆ ಇಲ್ಲ. ಈ ಷರತ್ತುಗಳನ್ನು 1980ರ ದಶಕದ ನಡುವೆ ಕೋಝ್ಮಿನ್ಸ್ಕಿ ಮತ್ತು ಕಿನ್ನೆನ್ ಖಚಿತಗೊಳಿಸಿದರು. ನಕ್ಷೆ ಇರುವಲ್ಲಿ ಅದನ್ನು ಘಟಕಗಳ ಸಂಖ್ಯೆಗೆ ಅನುಗುಣವಾದ ಸಮಯದಲ್ಲಿ ಕಟ್ಟಿಕೊಡುವ ಕ್ರಮಾವಳಿಯನ್ನು ಜಯರಾಮ್ ಭಾಸ್ಕರ್ ಮತ್ತು ಸರ್ತಾಜ್ ಸಾಹ್ನಿ 1988ರಲ್ಲಿ ಪ್ರಕಟಿಸಿದರು.

ಚಿಪ್ ಉದ್ಯಮಕ್ಕೆ ಇದರ ಅಗತ್ಯ ಎದುರಾದದ್ದು ಟ್ರಾನ್ಸಿಸ್ಟರುಗಳ ಸಂಖ್ಯೆ ಮನುಷ್ಯನ ಕೈಬರಹದ ಮಿತಿಯನ್ನು ದಾಟಿದಾಗ. 1980ರಲ್ಲಿ ಬಂದ ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ ಅವರ ಪಠ್ಯ ದೊಡ್ಡ ಚಿಪ್ಪನ್ನು ಮೊದಲು ಸ್ಥೂಲವಾಗಿ, ಆಮೇಲೆ ವಿವರವಾಗಿ ರೂಪಿಸುವ ಕ್ರಮವನ್ನು ತರಗತಿಗಳಿಗೆ ತಂದಿತು. 1982ರಲ್ಲಿ ರಾಲ್ಫ್ ಓಟನ್ ನೆಲನಕ್ಷೆಯನ್ನು ಯಂತ್ರವೇ ರಚಿಸುವ ವಿಧಾನವನ್ನು ಮಂಡಿಸಿದರು.

ಸಮಸ್ಯೆಯ ರಚನೆ

ಕ್ರಮಾವಳಿಗೆ ಕೊಡುವುದು ಘಟಕಗಳ ಪಟ್ಟಿ, ಅವುಗಳ ಅಳತೆ ಅಥವಾ ವಿಸ್ತೀರ್ಣ, ಮತ್ತು ಯಾವ ಪಿನ್ನಿಗೆ ಯಾವುದು ಸೇರಬೇಕೆಂಬ ನೆಟ್‌ಪಟ್ಟಿ. ಅದರಿಂದ ಬೇಕಾದದ್ದು ಪ್ರತಿ ಘಟಕದ ಸ್ಥಾನ, ದಿಕ್ಕು, ಮೆದು ಘಟಕವಾದರೆ ಆಕಾರ. ಒಂದರ ಮೇಲೊಂದು ಬೀಳಬಾರದೆಂಬುದು ಮುರಿಯಬಾರದ ನಿಯಮ. ಒಟ್ಟು ವಿಸ್ತೀರ್ಣಕ್ಕೂ ತಂತಿಯುದ್ದಕ್ಕೂ ಒಂದೊಂದು ತೂಕ ಕೊಟ್ಟು ಕೂಡಿಸಿದರೆ ಸಿಗುವ ಮೊತ್ತಕ್ಕೆ ವೆಚ್ಚವೆಂದು ಹೆಸರು. ಅದನ್ನು ಕಡಿಮೆ ಮಾಡುವುದೇ ಗುರಿ.

ಸಾಮಾನ್ಯ ರೂಪದಲ್ಲಿ ಈ ಸಮಸ್ಯೆ ಎನ್‌ಪಿ-ಕಠಿಣ. ಘಟಕಗಳು ಹೆಚ್ಚಿದರೂ ಸಮಂಜಸ ಸಮಯದಲ್ಲಿ ಅತ್ಯುತ್ತಮ ಉತ್ತರ ಕೊಡುವ ಕ್ರಮಾವಳಿ ಯಾರ ಬಳಿಯೂ ಇಲ್ಲ. ಸ್ಥಾನವನ್ನು ಮೈಕ್ರಾನ್‌ಗಳಲ್ಲಿ ಹುಡುಕಲು ಹೋದರೆ ಸಾಧ್ಯತೆಗಳಿಗೆ ಕೊನೆಯೇ ಇರುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆಯಲ್ಲಿ ಅಳತೆಗಳನ್ನು ಬದಿಗಿಟ್ಟು, 'ಇದು ಅದರ ಎಡಕ್ಕೆ, ಅದು ಇದರ ಮೇಲೆ' ಎಂಬ ಸಂಬಂಧಗಳನ್ನು ಮಾತ್ರ ಒಂದು ಸಂಕೇತರೂಪದಲ್ಲಿ ಬರೆಯುತ್ತಾರೆ. ಸಂಕೇತಗಳ ಸಂಖ್ಯೆಗೆ ಮಿತಿಯಿದೆ, ಪ್ರತಿ ಸಂಕೇತದಿಂದ ನಕ್ಷೆಯನ್ನು ಬೇಗ ಲೆಕ್ಕಹಾಕಬಹುದು. 1980ರಿಂದ ಸುಮಾರು ಎರಡು ದಶಕಗಳ ಸಂಶೋಧನೆಯ ಬಹುಪಾಲು, ಈ ಸಂಕೇತರೂಪ ಯಾವುದಿರಬೇಕು ಎಂಬುದರ ಮೇಲೆಯೇ ನಡೆಯಿತು.

ಸೀಳು ನೆಲನಕ್ಷೆ

ಆಯತವನ್ನು ಒಂದು ಅಂಚಿನಿಂದ ಎದುರು ಅಂಚಿನವರೆಗೆ ನೇರವಾಗಿ ಸೀಳಿ, ಸಿಕ್ಕ ತುಂಡುಗಳನ್ನು ಮತ್ತೆ ಹಾಗೆಯೇ ಸೀಳುತ್ತ ಹೋದರೆ ದೊರೆಯುವುದು ಸೀಳು ನೆಲನಕ್ಷೆ. ಸೀಳುಗಳ ಅನುಕ್ರಮವನ್ನು ಒಂದು ಮರವಾಗಿ ಬರೆಯಬಹುದು. ಎಲೆಗಳು ಘಟಕಗಳು, ಒಳಗಿನ ಗಂಟುಗಳು ಸೀಳುಗಳು.

ಮರದ ರಚನೆ ಗೊತ್ತಿದ್ದರೆ ಘಟಕಗಳನ್ನು ಯಾವ ದಿಕ್ಕಿಗೆ ತಿರುಗಿಸಬೇಕೆಂಬ ಪ್ರಶ್ನೆಗೆ ಅತ್ಯುತ್ತಮ ಉತ್ತರವನ್ನು ಬೇಗ ಪಡೆಯಬಹುದೆಂದು ಲ್ಯಾರಿ ಸ್ಟಾಕ್‌ಮೇಯರ್ 1983ರಲ್ಲಿ ತೋರಿಸಿದರು. ಪ್ರತಿ ಗಂಟಿನಲ್ಲೂ ಉಪಯುಕ್ತವಾದ ಅಗಲ-ಎತ್ತರ ಜೋಡಿಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಎಲೆಗಳಿಂದ ಬುಡದ ಕಡೆಗೆ ಪಟ್ಟಿಗಳನ್ನು ಕೂಡಿಸುತ್ತಾ ಬರುವುದು ಅವರ ಉಪಾಯ. ಎರಡು ಪಟ್ಟಿಗಳನ್ನು ಕೂಡಿಸಿದಾಗ ಹೊಸ ಪಟ್ಟಿಯ ಉದ್ದ ಅವೆರಡರ ಉದ್ದಗಳ ಮೊತ್ತವನ್ನು ದಾಟುವುದಿಲ್ಲ. ಲೆಕ್ಕ ಹತೋಟಿಯಲ್ಲಿ ಉಳಿಯುವುದಕ್ಕೆ ಕಾರಣ ಇದೇ. ಸೀಳಲಾಗದ ನಕ್ಷೆಗಳಿಗೆ ಇದೇ ಪ್ರಶ್ನೆ ಎನ್‌ಪಿ-ಪೂರ್ಣವೆಂದೂ ಅವರು ಸಾಧಿಸಿದರು.

1986ರಲ್ಲಿ ಡಿ. ಎಫ್. ವಾಂಗ್ ಮತ್ತು ಸಿ. ಎಲ್. ಲಿಯು ಸೀಳು ಮರವನ್ನು ಪೋಲಿಷ್ ಅಭಿವ್ಯಕ್ತಿಯಾಗಿ, ಅಂದರೆ ಘಟಕಗಳ ಹೆಸರುಗಳ ನಂತರ ಸೀಳಿನ ಚಿಹ್ನೆ ಬರುವ ಸಾಲಾಗಿ ಬರೆದರು. 'ಅ ಆ + ಇ *' ಎಂದರೆ ಅ ಮತ್ತು ಆ ಒಂದರ ಮೇಲೊಂದು, ಆ ಜೋಡಿಯ ಬಲಕ್ಕೆ ಇ. ಒಂದೇ ಚಿಹ್ನೆ ಅಕ್ಕಪಕ್ಕದಲ್ಲಿ ಎರಡು ಬಾರಿ ಬರಬಾರದೆಂಬ ಕಟ್ಟಳೆ ಹಾಕಿದರೆ ಒಂದು ನಕ್ಷೆಗೆ ಒಂದೇ ಸಾಲು ಸಿಗುತ್ತದೆ. ಸಾಲನ್ನು ಬದಲಿಸಲು ಮೂರು ಚಲನೆಗಳಿವೆ: ನೆರೆಯ ಎರಡು ಘಟಕಗಳನ್ನು ಅದಲುಬದಲು ಮಾಡುವುದು, ಚಿಹ್ನೆಗಳ ಸರಪಳಿಯೊಂದನ್ನು ತಿರುವುಮುರುವು ಮಾಡುವುದು, ಒಂದು ಘಟಕವನ್ನೂ ಅದರ ನೆರೆಯ ಚಿಹ್ನೆಯನ್ನೂ ಅದಲುಬದಲು ಮಾಡುವುದು. ಯಾವ ಸಾಲಿನಿಂದ ಹೊರಟರೂ ಈ ಮೂರರಿಂದಲೇ ಬೇಕಾದ ಸಾಲನ್ನು ತಲುಪಬಹುದು.

ಸೀಳದ ನೆಲನಕ್ಷೆ

ನಾಲ್ಕು ಕೋಣೆಗಳವರೆಗಿನ ಯಾವ ವಿಭಾಗವನ್ನಾದರೂ ಸೀಳಿ ಪಡೆಯಬಹುದು. ಐದನೆಯ ಕೋಣೆಯಿಂದ ಚಿತ್ರ ಬದಲಾಗುತ್ತದೆ. ನಾಲ್ಕು ಕೋಣೆಗಳು ಒಂದರ ಬಾಲ ಇನ್ನೊಂದರ ಪಕ್ಕೆಗೆ ತಾಗುವಂತೆ ಸುತ್ತಿಕೊಂಡು ನಡುವೆ ಐದನೆಯದನ್ನು ಬಿಟ್ಟರೆ, ಅಂಚಿನಿಂದ ಅಂಚಿಗೆ ಹೋಗುವ ಗೆರೆ ಒಂದೂ ಇರುವುದಿಲ್ಲ. ಈ ರಚನೆಗೆ ಚಕ್ರ ಎಂದು ಹೆಸರು.

ಕೋಣೆಗಳ ಗೆರೆಗಳು ಟಿ ಆಕಾರದಲ್ಲಿ ಮಾತ್ರ ಸಂಧಿಸುವ, ಪ್ರತಿ ಕೋಣೆಯಲ್ಲೂ ಒಂದು ಘಟಕವಿರುವ ನಕ್ಷೆಯನ್ನು ಮೊಸಾಯಿಕ್ ನೆಲನಕ್ಷೆ ಎನ್ನುತ್ತಾರೆ. ಕೋಣೆಗಳಿಗೆ ಹೆಸರಿಡದೆ ಎಣಿಸಿದರೆ ಮೊಸಾಯಿಕ್ ನಕ್ಷೆಗಳ ಸಂಖ್ಯೆ ಕ್ರಮವಾಗಿ 1, 2, 6, 22, 92, 422 ಎಂದು ಬೆಳೆಯುತ್ತದೆ. ಗಣಿತದಲ್ಲಿ ಇವು ಬ್ಯಾಕ್ಸ್‌ಟರ್ ಸಂಖ್ಯೆಗಳು. ಸೀಳು ನಕ್ಷೆಗಳ ಸಂಖ್ಯೆ 1, 2, 6, 22, 90, 394 ಎಂದು ಹೋಗುತ್ತದೆ. ಇವು ಶ್ರೋಡರ್ ಸಂಖ್ಯೆಗಳು. ಐದು ಕೋಣೆಗಳಲ್ಲಿ ಕಾಣುವ ಎರಡರ ವ್ಯತ್ಯಾಸ ಬಲಸುತ್ತು ಮತ್ತು ಎಡಸುತ್ತು ಚಕ್ರಗಳದ್ದು. ಈ ಎಣಿಕೆಯನ್ನು ಯಾವೋ, ಚೆನ್, ಚೆಂಗ್ ಮತ್ತು ಗ್ರಹಾಂ 2000ದ ದಶಕದ ಆರಂಭದಲ್ಲಿ ಬಿಡಿಸಿಟ್ಟರು. ಅದಕ್ಕೂ ಮೊದಲು, 1988ರಲ್ಲಿ, ಸುಸ್ಮಿತಾ ಸುರ್-ಕೋಲೆ ಮತ್ತು ಭಾರ್ಗವ ಬಿ. ಭಟ್ಟಾಚಾರ್ಯ ಕೆಲವು ನೆರೆಹೊರೆ ಗ್ರಾಫ್‌ಗಳಿಗೆ ಆಯತ ನಕ್ಷೆಗಳಿದ್ದರೂ ಅವುಗಳಲ್ಲಿ ಒಂದೂ ಸೀಳುವಂಥದ್ದಲ್ಲ ಎಂಬುದನ್ನು ಚರ್ಚಿಸಿದ್ದರು.

ಸೀಳದ ನಕ್ಷೆಗಳಿಗೆ ಸಂಕೇತರೂಪ ಒದಗಿಸಿದ ಮುಖ್ಯ ಹೆಜ್ಜೆ 1995ರ ಸರಣಿ ಜೋಡಿ. ಜಪಾನಿನ ಮುರಾತಾ, ಫುಜಿಯೋಶಿ, ನಕಾತಾಕೆ ಮತ್ತು ಕಾಜಿತಾನಿ ಇದರ ಕರ್ತೃಗಳು. ಘಟಕಗಳ ಹೆಸರುಗಳನ್ನು ಎರಡು ಸಾಲುಗಳಲ್ಲಿ ಬೇರೆಬೇರೆ ಕ್ರಮದಲ್ಲಿ ಬರೆಯುತ್ತಾರೆ. ಎರಡೂ ಸಾಲುಗಳಲ್ಲಿ ಅ ಮೊದಲು, ಆ ನಂತರ ಬಂದರೆ ಅ ಎಡಕ್ಕೆ ಇರಬೇಕು. ಮೊದಲ ಸಾಲಿನಲ್ಲಿ ಅ ಮೊದಲು ಬಂದು ಎರಡನೆಯದರಲ್ಲಿ ನಂತರ ಬಂದರೆ ಅ ಮೇಲಿರಬೇಕು. ಯಾವುದೇ ಎರಡು ಘಟಕಗಳ ನಡುವೆ ಎಡ-ಬಲ ಅಥವಾ ಮೇಲೆ-ಕೆಳಗೆ ಸಂಬಂಧ ಒಂದು ಇದ್ದೇ ಇರುವುದರಿಂದ ಅವು ಒಂದರ ಮೇಲೊಂದು ಬೀಳಲು ಅವಕಾಶವೇ ಇಲ್ಲ. ಅತಿ ಕಡಿಮೆ ವಿಸ್ತೀರ್ಣದ ಜೋಡಣೆಯನ್ನು ಕೊಡುವ ಸರಣಿ ಜೋಡಿಯೂ ಖಂಡಿತ ಇರುತ್ತದೆ. ನಕ್ಷೆಯ ಅಗಲ ಎಂದರೆ ಎರಡೂ ಸಾಲುಗಳಿಗೆ ಸಮಾನವಾದ, ಒಟ್ಟು ಅಗಲ ಅತಿ ಹೆಚ್ಚಿರುವ ಉಪಸರಣಿಯ ತೂಕ. ಈ ಗುಣವನ್ನು ಬಳಸಿ ಟ್ಯಾಂಗ್ ಮತ್ತು ವಾಂಗ್ 2001ರಲ್ಲಿ ಲೆಕ್ಕವನ್ನು ಬಹಳ ಚುರುಕುಗೊಳಿಸಿದರು.

2000ದಲ್ಲಿ ತೈವಾನಿನ ಯಾವೋ-ವೆನ್ ಚಾಂಗ್ ಮತ್ತು ಸಂಗಡಿಗರು ಬಿ-ಸ್ಟಾರ್ ಮರವನ್ನು ತಂದರು. ಬುಡದ ಘಟಕ ಎಡಗೆಳಗಿನ ಮೂಲೆಗೆ ಹೋಗುತ್ತದೆ. ಎಡ ಮಗು ತಾಯಿಯ ಬಲಪಕ್ಕಕ್ಕೆ ಅಂಟಿ ಕೂರುತ್ತದೆ, ಬಲ ಮಗು ತಾಯಿಯ ಎಡ ಅಂಚಿನ ನೇರಕ್ಕೆ ಮೇಲೆ ಕೂರುತ್ತದೆ. ಈವರೆಗೆ ಕೂರಿಸಿದ ಘಟಕಗಳ ಮೇಲಂಚಿನ ರೂಪರೇಖೆಯನ್ನು ಇಟ್ಟುಕೊಂಡರೆ ಇಡೀ ನಕ್ಷೆಯನ್ನು ಘಟಕಗಳ ಸಂಖ್ಯೆಗೆ ಅನುಗುಣವಾದ ಸಮಯದಲ್ಲಿ ಕಟ್ಟಬಹುದು. ಹೆಸರಿಟ್ಟ ಐದು ಘಟಕಗಳಿಗೆ ಸರಣಿ ಜೋಡಿಗಳು 14,400, ಬಿ-ಸ್ಟಾರ್ ಮರಗಳು 5,040. ಹುಡುಕುವ ಬಯಲು ಕಿರಿದಾದಷ್ಟೂ ಹುಡುಕಾಟ ಹಗುರ. ಇದರ ಸರಳತೆಗೆ ಒಂದು ಬೆಲೆಯಿದೆ. ಎಲ್ಲವನ್ನೂ ಎಡಕ್ಕೂ ಕೆಳಕ್ಕೂ ಒತ್ತಿದ ಜೋಡಣೆಗಳನ್ನಷ್ಟೇ ಬಿ-ಸ್ಟಾರ್ ಮರ ಹೇಳಬಲ್ಲದು. ಖಾಲಿ ಜಾಗಕ್ಕೆ ಅದರಲ್ಲಿ ಹೆಸರೂ ಇಲ್ಲ, ಗಂಟೂ ಇಲ್ಲ.

ಓ-ಮರ, ಮೂಲೆಬ್ಲಾಕ್ ಪಟ್ಟಿ, ಸಂವೃತ ಗ್ರಾಫ್ ಮುಂತಾದ ಇತರ ರೂಪಗಳು 1999ರಿಂದ 2001ರ ನಡುವೆ ಒಂದರ ಹಿಂದೊಂದು ಬಂದವು.

ಖಾಲಿ ಕೋಣೆಗಳು

ಮೊಸಾಯಿಕ್ ನಕ್ಷೆಗಳ ಸಂಕೇತ ಚೊಕ್ಕವಾದದ್ದು, ಆದರೆ ಅದರಲ್ಲಿ ಖಾಲಿ ಕೋಣೆಗೆ ಎಡೆಯಿಲ್ಲ. ವಾಸ್ತವದ ಉತ್ತಮ ಜೋಡಣೆಗಳಲ್ಲಿ ಕೆಲವಕ್ಕೆ ಖಾಲಿ ಕೋಣೆ ಬೇಕೇ ಬೇಕು. ತೊಟ್ಟಿಮನೆಯಲ್ಲಿ ನಾಲ್ಕು ಅಂಕಣಗಳು ನಡುವಿನ ತೆರೆದ ತೊಟ್ಟಿಯನ್ನು ಬಳಸಿ ನಿಲ್ಲುವ ಹಾಗೆ, ನಾಲ್ಕು ಉದ್ದನೆಯ ಘಟಕಗಳು ಚಕ್ರವಾಗಿ ಕೂತಾಗ ನಡುವಿನ ಕೋಣೆ ಖಾಲಿ ಉಳಿಯುತ್ತದೆ. ಅಲ್ಲಿ ಗೆರೆಯೊಂದನ್ನು ಸರಿಸಿ ಖಾಲಿ ಕೋಣೆಯನ್ನು ಪಕ್ಕದ ಕೋಣೆಯಲ್ಲಿ ಲೀನಗೊಳಿಸಲು ಹೋದರೆ ಘಟಕಗಳ ಪರಸ್ಪರ ಸಂಬಂಧವೇ ಕೆಡುತ್ತದೆ. ಇಂಥ ಕೋಣೆಗೆ ಕರಗದ ಖಾಲಿ ಕೋಣೆ ಎಂದು ಹೆಸರು. ಹಾಗೆ ಲೀನಗೊಳಿಸಬಹುದಾದದ್ದು ಕರಗುವ ಖಾಲಿ ಕೋಣೆ. ಅದನ್ನು ಸಂಕೇತದಲ್ಲಿ ಬರೆಯುವ ಅಗತ್ಯವಿಲ್ಲ. ಕರಗದ ಪ್ರತಿಯೊಂದು ಖಾಲಿ ಕೋಣೆಯೂ ಒಂದು ಚಕ್ರದ ನಡುವೆ ಇರುತ್ತದೆ.

ಮೊದಲ ಪರಿಹಾರ ಒರಟಾಗಿತ್ತು. ಶೂನ್ಯ ವಿಸ್ತೀರ್ಣದ ಹುಸಿ ಘಟಕಗಳನ್ನು ಪಟ್ಟಿಗೆ ಧಾರಾಳವಾಗಿ ಸೇರಿಸಿ, ಅವು ಕೂತ ಕೋಣೆಗಳನ್ನು ಖಾಲಿಯೆಂದು ತಿಳಿಯುವುದು. ಹುಸಿ ಘಟಕಗಳು ಹೆಚ್ಚಿದಷ್ಟೂ ಹುಡುಕಾಟದ ಬಯಲು ಉಬ್ಬುತ್ತಿತ್ತು, ಒಂದೇ ನಕ್ಷೆ ಹಲವು ವೇಷಗಳಲ್ಲಿ ಮರಳಿ ಬರುತ್ತಿತ್ತು. 2002ರಲ್ಲಿ ಎರಡು ತಂಡಗಳು ಇದನ್ನು ಬೇರೆಬೇರೆ ದಾರಿಗಳಿಂದ ಬಗೆಹರಿಸಿದವು. ಇವಾಂಜೆಲಿನ್ ಯಂಗ್, ಕ್ರಿಸ್ ಚು ಮತ್ತು ಶೆನ್ ಅವಳಿ ದ್ವಿಮಾನ ಸರಣಿಗಳನ್ನು ಬಳಸಿ, ಮೊಸಾಯಿಕ್ ನಕ್ಷೆಯೊಂದಕ್ಕೆ ಬೇಕಾದಲ್ಲಿ ಮಾತ್ರ ಕರಗದ ಖಾಲಿ ಕೋಣೆಗಳನ್ನು ತುರುಕುವ ವಿಧಾನ ಕೊಟ್ಟರು. ಪ್ರತಿ ಸೀಳದ ನಕ್ಷೆಯೂ ಒಂದೇ ಒಂದು ಮೊಸಾಯಿಕ್ ನಕ್ಷೆಯಿಂದ ಹುಟ್ಟುವುದರಿಂದ ಪುನರಾವರ್ತನೆ ಇಲ್ಲ. ಝುವಾಂಗ್, ಸಕನುಶಿ, ಜಿನ್ ಮತ್ತು ಕಾಜಿತಾನಿ ಕ್ಯೂ-ಸರಣಿ ಎಂಬ ಇನ್ನೊಂದು ಸಂಕೇತರೂಪಕ್ಕೆ ಖಾಲಿ ಕೋಣೆ ಸೇರಿಸುವ ಕ್ರಮವನ್ನು ರೂಪಿಸಿದರು.

ಎಷ್ಟು ಖಾಲಿ ಕೋಣೆಗಳು ಸಾಕು ಎಂಬುದಕ್ಕೂ ಉತ್ತರ ಸಿಕ್ಕಿತು. ಘಟಕಗಳ ಸಂಖ್ಯೆಯ ವರ್ಗಮೂಲದಿಂದ 1 ಕಳೆದು, ಉಳಿದದ್ದನ್ನು ವರ್ಗ ಮಾಡಿದರೆ ಬರುವುದೇ ಮೇಲಿನ ಮಿತಿ. 4 ಘಟಕಗಳಿಗೆ 1, 9 ಘಟಕಗಳಿಗೆ 4, 16 ಘಟಕಗಳಿಗೆ 9. ಘಟಕಗಳು ಹೆಚ್ಚಾದಂತೆ ಈ ಮಿತಿ ಘಟಕಗಳ ಸಂಖ್ಯೆಯನ್ನೇ ಸಮೀಪಿಸುತ್ತದೆ. ಹಾಗಾಗಿ ಖಾಲಿ ಕೋಣೆಯನ್ನು ಸಣ್ಣ ಅಪವಾದವೆಂದು ತಳ್ಳಿಹಾಕುವಂತಿಲ್ಲ.

ಹುಡುಕುವ ವಿಧಾನಗಳು

ಸಂಕೇತರೂಪ ಯಾವುದೇ ಇರಲಿ, ಅದರ ಬಯಲಿನಲ್ಲಿ ಉತ್ತಮ ನಕ್ಷೆಯನ್ನು ಹುಡುಕಲು ಅತಿ ಹೆಚ್ಚು ಬಳಕೆಯಾದದ್ದು ಸಿಮ್ಯುಲೇಟೆಡ್ ಅನೀಲಿಂಗ್. ಲೋಹವನ್ನು ಕಾಯಿಸಿ ನಿಧಾನವಾಗಿ ಆರಿಸುವ ಕ್ರಿಯೆಯ ಗಣಿತವನ್ನು ಐಬಿಎಂನ ಕರ್ಕ್‌ಪ್ಯಾಟ್ರಿಕ್, ಗೆಲಾಟ್ ಮತ್ತು ವೆಕ್ಕಿ 1983ರಲ್ಲಿ ಇಂಥ ಸಮಸ್ಯೆಗಳಿಗೆ ಅನ್ವಯಿಸಿದರು. ಸಂಕೇತದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದಾಗ ವೆಚ್ಚ ಇಳಿದರೆ ಒಪ್ಪಿಕೊಳ್ಳುವುದು ಸರಿಯೇ. ಏರಿದರೂ ಕೆಲವೊಮ್ಮೆ ಒಪ್ಪಿಕೊಳ್ಳುವುದು ಇದರ ವಿಶೇಷ. ಆರಂಭದ 'ಉಷ್ಣತೆ'ಯಲ್ಲಿ ಹೀಗೆ ಒಪ್ಪುವ ಸಂಭವ ಹೆಚ್ಚು, ಉಷ್ಣತೆ ಇಳಿದಂತೆ ಕಡಿಮೆ. ಹತ್ತಿರದ ತಗ್ಗಿನಲ್ಲೇ ಸಿಕ್ಕಿಕೊಳ್ಳದೆ ಹುಡುಕಾಟ ಮುಂದುವರಿಯುವುದು ಇದರಿಂದ.

ಘಟಕಗಳು ಕಡಿಮೆಯಿದ್ದಾಗ ಮಿಶ್ರ ಪೂರ್ಣಾಂಕ ರೇಖೀಯ ಯೋಜನೆಯೂ ಬಳಕೆಯಲ್ಲಿದೆ. 1990ರಲ್ಲಿ ಸುತಾಂತವಿಬುಲ್, ಶ್ರಾಗೋವಿಟ್ಜ್ ಮತ್ತು ರೋಸೆನ್ ಪ್ರತಿ ಎರಡು ಘಟಕಗಳಿಗೆ ಎರಡು ಸೊನ್ನೆ-ಒಂದು ಚರಾಕ್ಷರಗಳನ್ನಿಟ್ಟು ನಾಲ್ಕು ದಿಕ್ಕಿನ ಸಂಬಂಧಗಳಲ್ಲಿ ಒಂದನ್ನು ಆರಿಸುವಂತೆ ಮಾಡಿದರು. 2008ರಲ್ಲಿ ಯಾನ್ ಮತ್ತು ಚು ರೂಪಿಸಿದ ಡಿಫರ್ ಎಂಬ ಕ್ರಮಾವಳಿ ಸೀಳು ನಕ್ಷೆಗೆ ಮರಳಿ, ದಿಕ್ಕು ಮತ್ತು ಕ್ರಮಗಳ ತೀರ್ಮಾನವನ್ನು ಕೊನೆಯವರೆಗೆ ಮುಂದೂಡಿ ವೇಗ ಗಳಿಸಿತು. ಕ್ರಮಾವಳಿಗಳನ್ನು ಹೋಲಿಸಲು ಉತ್ತರ ಕೆರೊಲಿನಾದ ಸೂಕ್ಷ್ಮ ವಿದ್ಯುನ್ಮಾನ ಕೇಂದ್ರದ ಐದು ಮಾದರಿ ಮಂಡಲಗಳು ದೀರ್ಘಕಾಲ ಒರೆಗಲ್ಲಾಗಿದ್ದವು. ಅವುಗಳಲ್ಲಿ ದೊಡ್ಡದಕ್ಕೆ 49 ಘಟಕಗಳು, ಒಟ್ಟು ಸುಮಾರು 35.4 ಚದರ ಮಿಲಿಮೀಟರ್. 2000ದ ಹೊತ್ತಿಗೆ ಉತ್ತಮ ಕ್ರಮಾವಳಿಗಳು ಅದನ್ನು 37 ಚದರ ಮಿಲಿಮೀಟರಿನೊಳಗೆ ತುಂಬುತ್ತಿದ್ದವು.

ಖಾಲಿ ಜಾಗದ ಉಪಯೋಗ

2000ದಲ್ಲಿ ಆಂಡ್ರ್ಯೂ ಕಾಂಗ್ 'ಹಳೆಯ ಬಗೆಯ ನೆಲನಕ್ಷೆ ಹಾನಿಕರವೇ' ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿದ ಪ್ರಬಂಧ ಮಂಡಿಸಿದರು. ಚಿಪ್ಪಿನ ಚೌಕಟ್ಟು ಮೊದಲೇ ನಿಗದಿಯಾಗಿರುವಾಗ ವಿಸ್ತೀರ್ಣವನ್ನು ಇನ್ನಷ್ಟು ಹಿಂಡಿ ಗಳಿಸುವುದೇನೂ ಇಲ್ಲ ಎಂಬುದು ಅವರ ಮುಖ್ಯ ವಾದಗಳಲ್ಲೊಂದು. ಇದಾದ ಮೇಲೆ ಸ್ಥಿರ ಚೌಕಟ್ಟಿನೊಳಗೆ ಕೂರಿಸುವ ಸಮಸ್ಯೆ ಮುನ್ನೆಲೆಗೆ ಬಂತು. ಆದ್ಯಾ ಮತ್ತು ಇಗೋರ್ ಮಾರ್ಕೋವ್ ಅವರ ಪಾರ್ಕೇ ತಂತ್ರಾಂಶ ಅದಕ್ಕಾಗಿ ಹುಟ್ಟಿದ್ದು.

ಬಿಟ್ಟ ಜಾಗಕ್ಕೆ ಹಲವು ಕೆಲಸಗಳಿವೆ. ಮೊದಲನೆಯದು ತಂತಿಗಳ ದಾರಿ. ಮ್ಯಾಕ್ರೋಗಳ ನಡುವಿನ ಓಣಿ ಕಿರಿದಾದರೆ ತಂತಿಗಳು ಕಿಕ್ಕಿರಿದು ಕಂಜೆಶನ್ ಉಂಟಾಗುತ್ತದೆ. ಎರಡನೆಯದು ಸಂಕೇತವನ್ನು ಮತ್ತೆ ಬಲಪಡಿಸುವ ಬಫರುಗಳು. ತಂತಿಯ ವಿಳಂಬ ಅದರ ಉದ್ದದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಉದ್ದನೆಯ ತಂತಿಯನ್ನು ನಡುನಡುವೆ ಬಫರ್ ಇಟ್ಟು ತುಂಡರಿಸಬೇಕು, ಆ ಬಫರುಗಳಿಗೆ ಜಾಗವನ್ನು ಮೊದಲೇ ಬಿಟ್ಟಿರಬೇಕು. ಬಫರ್ ಎಲ್ಲೆಲ್ಲಿ ಕೂತರೆ ಸಮಯದ ಗಡುವು ತಪ್ಪುವುದಿಲ್ಲವೋ ಆ ಪ್ರದೇಶವನ್ನು ಸೂತ್ರದಿಂದ ಕಂಡುಹಿಡಿದು ಖಾಲಿ ಜಾಗದೊಡನೆ ಹೊಂದಿಸುವ ವಿಧಾನವನ್ನು ಕಾಂಗ್, ಕೋಂಗ್ ಮತ್ತು ಪ್ಯಾನ್ 1999ರಲ್ಲಿ ಕೊಟ್ಟರು. ಈ ಜೇಸನ್ ಕಾಂಗ್ ಮೇಲೆ ಹೇಳಿದ ಆಂಡ್ರ್ಯೂ ಕಾಂಗ್ ಅವರಿಂದ ಬೇರೆ. ಮೂರನೆಯದು ವಿದ್ಯುತ್ ಪೂರೈಕೆ. ಘಟಕವೊಂದು ಒಮ್ಮೆಲೇ ಹೆಚ್ಚು ವಿದ್ಯುತ್ ಸೆಳೆದಾಗ ವೋಲ್ಟೇಜ್ ಕುಸಿಯದಂತೆ ಪಕ್ಕದಲ್ಲೇ ಡಿಕ್ಯಾಪ್ ಎಂಬ ಧಾರಕಗಳನ್ನು ಇಡುತ್ತಾರೆ. ಯಾವ ಘಟಕಕ್ಕೆ ಎಷ್ಟು ಡಿಕ್ಯಾಪ್ ಬೇಕು, ಅದಕ್ಕೆ ಯಾವ ಖಾಲಿ ಜಾಗ ಕೊಡಬೇಕು ಎಂಬುದನ್ನು ಝಾವೋ, ಕೌಶಿಕ್ ರಾಯ್ ಮತ್ತು ಕೋ 2002ರಲ್ಲಿ ನೆಲನಕ್ಷೆಯ ಲೆಕ್ಕಕ್ಕೇ ಸೇರಿಸಿದರು.

ಖಾಲಿ ಜಾಗದ ಮೊತ್ತವನ್ನು ಬದಲಿಸದೆ ಅದರ ಹಂಚಿಕೆಯನ್ನಷ್ಟೇ ಬದಲಿಸುವುದೂ ಫಲ ಕೊಡುತ್ತದೆ. ಎಲ್ಲ ಘಟಕಗಳನ್ನೂ ಒಂದೇ ಮೂಲೆಗೆ ಒತ್ತಿದ ನಕ್ಷೆಯಲ್ಲಿ ಹಲವು ಘಟಕಗಳಿಗೆ ಅತ್ತಿತ್ತ ಸರಿಯುವ ಸಡಿಲ ಉಳಿದಿರುತ್ತದೆ. ಎಡ-ಬಲ, ಮೇಲೆ-ಕೆಳಗೆ ಸಂಬಂಧಗಳನ್ನು ಹಾಗೇ ಇಟ್ಟು, ಈ ಸಡಿಲದೊಳಗೆ ಘಟಕಗಳನ್ನು ಸರಿಸಿ ತಂತಿಯುದ್ದವನ್ನು ಅತಿ ಕಡಿಮೆ ಮಾಡುವ ಪ್ರಶ್ನೆಯನ್ನು ಟ್ಯಾಂಗ್, ತಿಯಾನ್ ಮತ್ತು ವಾಂಗ್ 2005ರಲ್ಲಿ ಕನಿಷ್ಠ ವೆಚ್ಚದ ಹರಿವಿನ ಸಮಸ್ಯೆಯಾಗಿ ಮಾರ್ಪಡಿಸಿದರು. ಈ ಹಂತಕ್ಕೆ ಅತ್ಯುತ್ತಮ ಉತ್ತರವನ್ನೇ ಬೇಗ ಪಡೆಯಬಹುದು.

ಕಾರ್ಯಕ್ಷೇತ್ರದಲ್ಲಿ ಖಾಲಿ ಜಾಗವನ್ನು ಯುಟಿಲೈಸೇಶನ್ ಎಂಬ ಅನುಪಾತದಿಂದ ಅಳೆಯುತ್ತಾರೆ. ಗೇಟುಗಳಿಗೆ ಮೀಸಲಾದ ಜಾಗದ ಶೇ. 60ರಿಂದ 80ರಷ್ಟನ್ನು ಮಾತ್ರ ತುಂಬುವಂತೆ ಆರಂಭಿಸುವುದು ಸಾಮಾನ್ಯ. ಮ್ಯಾಕ್ರೋಗಳನ್ನು ಅಂಚುಗಳ ಉದ್ದಕ್ಕೂ, ಪಿನ್ನುಗಳು ಒಳಮುಖವಾಗುವಂತೆ ಸಾಲಾಗಿ ಇಟ್ಟು ನಡುವಿನ ಬಯಲನ್ನು ಗೇಟುಗಳಿಗೆ ಬಿಡುತ್ತಾರೆ. ಮ್ಯಾಕ್ರೋ ಸುತ್ತ ಗೇಟು ಬರಬಾರದ ಪಟ್ಟಿಗೆ ಹ್ಯಾಲೋ, ನಿರ್ದಿಷ್ಟ ಪ್ರದೇಶವನ್ನು ಮುಚ್ಚುವ ಆಯತಕ್ಕೆ ಬ್ಲಾಕೇಜ್ ಎಂಬ ಮಾತುಗಳು ಬಳಕೆಯಲ್ಲಿವೆ.

ಕರ್ನಾಟಕದಲ್ಲಿ

1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದದ್ದು ರಾಜ್ಯದಲ್ಲಿ ಈ ಕಸುಬಿನ ಆರಂಭ. ಅದರ ಮೊದಮೊದಲ ಕೆಲಸ ಚಿಪ್ ವಿನ್ಯಾಸಕ್ಕೆ ಬೇಕಾದ ತಂತ್ರಾಂಶಗಳದ್ದು. ದತ್ತಾಂಶ ಅಮೆರಿಕಕ್ಕೆ ಹೋಗುತ್ತಿದ್ದದ್ದು ಉಪಗ್ರಹ ಸಂಪರ್ಕದ ಮೂಲಕ. ಮುಂದಿನ ದಶಕಗಳಲ್ಲಿ ಇಂಟೆಲ್, ಎಎಂಡಿ ಮೊದಲಾದ ಕಂಪನಿಗಳೂ ಕೇಡೆನ್ಸ್, ಸಿನಾಪ್ಸಿಸ್‌ನಂಥ ವಿನ್ಯಾಸ ತಂತ್ರಾಂಶ ಸಂಸ್ಥೆಗಳೂ ನಗರಕ್ಕೆ ಬಂದವು. ನೆಲನಕ್ಷೆಯಿಂದ ಟೇಪ್‌ಔಟ್‌ವರೆಗಿನ, ಅಂದರೆ ಮುಗಿದ ನಕ್ಷೆಯನ್ನು ಕಾರ್ಖಾನೆಗೆ ಕಳಿಸುವವರೆಗಿನ, ಕೆಲಸಕ್ಕೆ ಇಲ್ಲಿ ಫಿಸಿಕಲ್ ಡಿಸೈನ್ ಎಂದೇ ಹೆಸರು. ಬೆಂಗಳೂರಿನಲ್ಲಿ ನಕ್ಷೆ ಪಡೆದ ಚಿಪ್‌ಗಳಲ್ಲಿ ಹೆಚ್ಚಿನವು ತಯಾರಾಗುವುದು ಹೊರದೇಶದ ಕಾರ್ಖಾನೆಗಳಲ್ಲಿ.

2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಇಂಟೆಲ್‌ನ ಆರು ಕೋರ್‌ಗಳ ಝಿಯಾನ್ 7400 ಸಂಸ್ಕಾರಕದ ವಿನ್ಯಾಸ ಮುಖ್ಯವಾಗಿ ಬೆಂಗಳೂರಿನಲ್ಲಿ ನಡೆಯಿತು. ಡನಿಂಗ್ಟನ್ ಎಂಬ ಸಂಕೇತನಾಮದ ಈ ಚಿಪ್ 45 ನ್ಯಾನೊಮೀಟರ್ ತಂತ್ರದ್ದು. ವಿಸ್ತೀರ್ಣ 503 ಚದರ ಮಿಲಿಮೀಟರ್, ಟ್ರಾನ್ಸಿಸ್ಟರುಗಳು 190 ಕೋಟಿ. ಕೋರ್‌ಗಳು ಮೂರು ಜೋಡಿಗಳಾಗಿವೆ, ಪ್ರತಿ ಜೋಡಿಗೆ 3 ಮೆಗಾಬೈಟ್ ಎರಡನೆಯ ಹಂತದ ಕ್ಯಾಶ್, ಎಲ್ಲಕ್ಕೂ ಸಾಮಾನ್ಯವಾದ 16 ಮೆಗಾಬೈಟ್ ಮೂರನೆಯ ಹಂತದ ಕ್ಯಾಶ್. ಇಂಥ ಚಿಪ್ಪಿನಲ್ಲಿ ಒಂದೇ ಘಟಕ ಮರಳಿ ಮರಳಿ ಬರುವುದರಿಂದ ನಕ್ಷೆಯ ಸ್ಥೂಲರೂಪವನ್ನು ಅನುಭವಿ ವಿನ್ಯಾಸಕಾರರು ಕೈಯಿಂದಲೇ ನಿರ್ಧರಿಸುತ್ತಾರೆ. ಕ್ರಮಾವಳಿಗೆ ಹೆಚ್ಚು ಕೆಲಸ ಬೀಳುವುದು ಅಳತೆ ಅಳತೆಯ ನೂರಾರು ಮೆಮೊರಿ ಮ್ಯಾಕ್ರೋಗಳಿರುವ ಚಿಪ್‌ಗಳಲ್ಲಿ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಎಲ್‌ಎಸ್‌ಐ ವಿನ್ಯಾಸ ಮತ್ತು ಎಂಬೆಡೆಡ್ ಸಿಸ್ಟಮ್ಸ್ ವಿಷಯದ ಸ್ನಾತಕೋತ್ತರ ವ್ಯಾಸಂಗವಿದೆ. ಅಂತರರಾಷ್ಟ್ರೀಯ ವಿಎಲ್‌ಎಸ್‌ಐ ವಿನ್ಯಾಸ ಸಮ್ಮೇಳನ 2007, 2015 ಮತ್ತು 2020ರಲ್ಲಿ ಬೆಂಗಳೂರಿನಲ್ಲಿ ನಡೆದಿದೆ. ರಾಜ್ಯ ಸರ್ಕಾರ 2010ರಲ್ಲೇ ಸೆಮಿಕಂಡಕ್ಟರ್ ನೀತಿಯನ್ನು ಪ್ರಕಟಿಸಿತ್ತು. ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಾನ್ ಇಂಡಿಯಾ ಕಾರ್ಯಕ್ರಮವನ್ನು ಘೋಷಿಸಿತು. ಅದರ ಮೊದಲ ಸಮ್ಮೇಳನ 2022ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ದುಬಾರಿಯಾದ ವಿನ್ಯಾಸ ತಂತ್ರಾಂಶಗಳನ್ನು ಕಾಲೇಜುಗಳಿಗೂ ಹೊಸ ಉದ್ಯಮಗಳಿಗೂ ದೂರದಿಂದ ಬಳಸಲು ಕೊಡುವ ಚಿಪ್‌ಇನ್ ಕೇಂದ್ರ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿದೆ.

ಈಗಿನ ಸ್ಥಿತಿ

2021ರ ಜೂನ್‌ನಲ್ಲಿ ಗೂಗಲ್‌ನ ಅಜಾಲಿಯಾ ಮಿರ್ಹೊಸೈನಿ, ಆನಾ ಗೋಲ್ಡಿ ಮತ್ತು ಸಂಗಡಿಗರು ಮ್ಯಾಕ್ರೋಗಳನ್ನು ಒಂದೊಂದಾಗಿ ಕೂರಿಸುವುದನ್ನು ಯಂತ್ರಕಲಿಕೆಯಿಂದ ಕಲಿಸುವ ವಿಧಾನವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರು ಗಂಟೆಗಳೊಳಗೆ ತಜ್ಞರಿಗೆ ಸರಿಗಟ್ಟುವ ಅಥವಾ ಅವರನ್ನು ಮೀರಿಸುವ ನಕ್ಷೆ ಸಿಗುತ್ತದೆ, ಕಂಪನಿಯ ಟೆನ್ಸರ್ ಸಂಸ್ಕಾರಕಗಳಿಗೆ ಅದನ್ನು ಬಳಸಲಾಗಿದೆ ಎಂಬುದು ಅವರ ಹೇಳಿಕೆ. ಆಂಡ್ರ್ಯೂ ಕಾಂಗ್ ಅವರ ತಂಡ 2023ರಲ್ಲಿ ಇದನ್ನು ಸ್ವತಂತ್ರವಾಗಿ ಪರೀಕ್ಷಿಸಿ, ಸಿಮ್ಯುಲೇಟೆಡ್ ಅನೀಲಿಂಗ್ ಮತ್ತು ಮಾರುಕಟ್ಟೆಯ ತಂತ್ರಾಂಶಗಳೊಡನೆ ಹೋಲಿಸಿದಾಗ ಆ ಮೇಲುಗೈ ಕಾಣಲಿಲ್ಲವೆಂದು ವರದಿ ಮಾಡಿತು. ಮೂಲ ಲೇಖಕರು ಪರೀಕ್ಷೆಯ ಕ್ರಮವನ್ನೇ ಆಕ್ಷೇಪಿಸಿದರು. ವಿಧಾನಕ್ಕೆ 2024ರಲ್ಲಿ ಆಲ್ಫಾಚಿಪ್ ಎಂದು ಹೆಸರಿಟ್ಟರು. ವಾದ ಇನ್ನೂ ಇತ್ಯರ್ಥವಾಗಿಲ್ಲ.

ಮುಕ್ತ ತಂತ್ರಾಂಶವೂ ಈ ಹಂತಕ್ಕೆ ತಲುಪಿದೆ. 2018ರಲ್ಲಿ ಆರಂಭವಾದ ಓಪನ್‌ರೋಡ್ ಯೋಜನೆಯಲ್ಲಿ ನೆಲನಕ್ಷೆಯೂ ಮ್ಯಾಕ್ರೋ ಜೋಡಣೆಯೂ ಸೇರಿವೆ. ತರ್ಕ ವಿವರಣೆಯ ಶ್ರೇಣಿಯನ್ನೇ ಆಧಾರವಾಗಿಟ್ಟು ಘಟಕಗಳನ್ನು ಗುಂಪುಗೂಡಿಸುವುದು ಅದರ ಈಚಿನ ವಿಧಾನ. ಮೂರು ಆಯಾಮದ ಚಿಪ್‌ಗಳಲ್ಲಿ ಒಂದರ ಮೇಲೊಂದು ಪದರ ಇರುವುದರಿಂದ ಬಿಸಿಯಾಗುವ ಎರಡು ಘಟಕಗಳು ಒಂದೇ ನೇರದಲ್ಲಿ ಬರದಂತೆ ನೋಡಿಕೊಳ್ಳುವುದು ಹೆಚ್ಚುವರಿ ಷರತ್ತು. ದೊಡ್ಡ ಚಿಪ್ಪನ್ನು ಚಿಪ್ಲೆಟ್‌ಗಳೆಂಬ ಸಣ್ಣ ತುಣುಕುಗಳಾಗಿ ಮಾಡಿ ಒಂದೇ ಪೊಟ್ಟಣದಲ್ಲಿ ಕೂರಿಸುವ ರೂಢಿ ಬೆಳೆದಮೇಲೆ ಇದೇ ಆಯತಗಳ ಪ್ರಶ್ನೆ ಪೊಟ್ಟಣದ ಮಟ್ಟಕ್ಕೂ ಏರಿದೆ. 2019ರ ಎಎಂಡಿ ಎಪಿಕ್ ಸರ್ವರ್ ಸಂಸ್ಕಾರಕದಲ್ಲಿ ಗರಿಷ್ಠ ಎಂಟು ಗಣನ ತುಣುಕುಗಳು ನಡುವಿನ ಒಂದು ಆಗಮ-ನಿರ್ಗಮ ತುಣುಕಿನ ಎರಡು ಬದಿಗಳಲ್ಲಿ ಕೂತಿವೆ. ಅಲ್ಲಿ ತುಣುಕು ತುಣುಕಿನ ನಡುವೆ ಬಿಡುವ ಅಂತರವನ್ನು ತಂತಿಯ ಉದ್ದ, ಬಿಸಿಯ ಹರಡುವಿಕೆ, ಪೊಟ್ಟಣ ಬಾಗದಿರುವಿಕೆ ಮೂರೂ ಬೇರೆಬೇರೆ ದಿಕ್ಕಿಗೆ ಎಳೆಯುತ್ತವೆ. ಮೂರಕ್ಕೂ ಒಪ್ಪುವ ಅಂತರವನ್ನು ಲೆಕ್ಕಹಾಕುವ ಕ್ರಮಾವಳಿಗಳ ಮೇಲೆ ಕೆಲಸ ನಡೆದಿದೆ.